ಪದಚರ್ಚೆ: ಪ್ರಿಫ್ಯಾಬ್, ಸ್ನ್ಯಾಪ್, ಕಾರ್ವ್ – ‘ಅಚ್ಚು’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ವಿಡಿಯೋ ಗೇಮಿನ ಲೆವೆಲ್ ಕಟ್ಟುವುದನ್ನು ಕಲಿಸುವ ಕನ್ನಡ ಕೈಪಿಡಿಯೊಂದು ದಾವಣಗೆರೆಯ ವಿದ್ಯಾರ್ಥಿಗಳಿಗಾಗಿ ತಯಾರಾಗುತ್ತಿದೆ. ಅಭ್ಯಾಸಕ್ಕೆ ಇಟ್ಟಿರುವುದು ಚಿತ್ರದುರ್ಗದ ಕೋಟೆಯನ್ನು ಹೋಲುವ ಲೆವೆಲ್: ಸುತ್ತುಗೋಡೆ, ಬತೇರಿ, ತಿರುವಿನಲ್ಲೊಂದು ಬಾಗಿಲು, ಒಂದು ಕಿಂಡಿ. ಮೂರು ಪದಗಳು ತಕರಾರು ಮಾಡುತ್ತಿವೆ. ‘ಪ್ರಿಫ್ಯಾಬ್’ (ಒಮ್ಮೆ ಮಾಡಿಟ್ಟು ಬೇಕಾದಷ್ಟು ಕಡೆ ಇಡಬಹುದಾದ ವಸ್ತು) ಒಂದು ಪುಟದಲ್ಲಿ ‘ಪೂರ್ವನಿರ್ಮಿತ ಘಟಕ’ ಆಗಿದೆ, ಇನ್ನೊಂದರಲ್ಲಿ ‘ಅಚ್ಚು’. ತುಂಡು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುವ ‘ಸ್ನ್ಯಾಪ್’ಗೆ ‘ಜೋಡಿಸು’ ಎಂದು ಹಾಕಿದ್ದೇವೆ, ಸಪ್ಪೆ ಅನಿಸುತ್ತಿದೆ. ಗೋಡೆಯಲ್ಲಿ ತೂತು ಮಾಡುವ, ಹ್ಯಾಮರ್ ಎಂಬ ಲೆವೆಲ್ ಎಡಿಟರಿನ ‘ಕಾರ್ವ್’ ಮತ್ತು ಗೋಡೋ ಎಂಬ ಗೇಮ್ ಕಟ್ಟುವ ತಂತ್ರಾಂಶದ ‘ಸಬ್‌ಟ್ರ್ಯಾಕ್ಷನ್’ ಎರಡಕ್ಕೂ ‘ಕೆತ್ತು’ ಬಂದಿದೆ. ಬಲ್ಲವರು ತಿದ್ದಬೇಕು.

*

ಮೇಡಂ, ‘ಪೂರ್ವನಿರ್ಮಿತ’ ಬೇಡ. ಆ ಪದ ಓದಿದರೆ ಕಣ್ಣಿಗೆ ಬರುವುದು ಸೈಟಿನ ಸುತ್ತ ನಿಲ್ಲಿಸುವ ಸಿಮೆಂಟ್ ಹಲಗೆ. ‘ಅಚ್ಚು’ ಕೇಳಲು ಹಿತವಾಗಿದ್ದರೂ ಅದು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಇಟ್ಟಿಗೆಯ ಅಚ್ಚನ್ನು ಇವತ್ತು ದೊಡ್ಡದು ಮಾಡಿದರೆ ನಿನ್ನೆ ಗೂಡಿನಲ್ಲಿ ಬೆಂದ ಇಟ್ಟಿಗೆ ದೊಡ್ಡದಾಗುವುದಿಲ್ಲ. ಪ್ರಿಫ್ಯಾಬಿನಲ್ಲಿ ಆಗುತ್ತದೆ, ಅದರ ಜೀವವೇ ಅದು. ಬತೇರಿಯ ಪ್ರಿಫ್ಯಾಬ್ ತೆರೆದು ತೆನೆಯ (ಗೋಡೆಯ ನೆತ್ತಿಯ ಹಲ್ಲುಸಾಲಿನ) ಎತ್ತರವನ್ನು 1 ಮೀಟರಿನಿಂದ 1.5ಕ್ಕೆ ಏರಿಸಿ ಉಳಿಸಿದರೆ, ಸೀನಿನಲ್ಲಿ ನಿಂತಿರುವ ಅಷ್ಟೂ ಬತೇರಿಗಳ ತೆನೆ ಏರುತ್ತದೆ.

ಒಂದು ಮಾತ್ರ ಏರದೆ ಕುಳ್ಳಗೆ ಉಳಿದರೆ, ಅದರಲ್ಲಿ ಯಾರೋ ಆ ಎತ್ತರವನ್ನು ಮೊದಲೇ ಕೈಯಾರೆ ಬದಲಿಸಿದ್ದಾರೆ ಎಂದರ್ಥ. ಯೂನಿಟಿ ಎಂಬ ಗೇಮ್ ಕಟ್ಟುವ ತಂತ್ರಾಂಶದ ಇನ್‌ಸ್ಪೆಕ್ಟರಿನಲ್ಲಿ (ವಸ್ತುವಿನ ಅಳತೆ, ಗುಣ ತೋರಿಸುವ ಫಲಕದಲ್ಲಿ) ಆ ಸಾಲು ದಪ್ಪಕ್ಷರದಲ್ಲಿ ಕಾಣುತ್ತದೆ, ಎಡ ಅಂಚಿಗೆ ನೀಲಿ ಗೀಟು ಇರುತ್ತದೆ. ಕಲಿಯುವವರು ಎಡವುವುದು ಇಲ್ಲೇ. ಒಂದನ್ನು ಸರಿಮಾಡಲು ಹೋಗಿ ‘ಅಪ್ಲೈ ಆಲ್’ ಒತ್ತುತ್ತಾರೆ, ಕುಳ್ಳ ತೆನೆ ಎಲ್ಲ ಬತೇರಿಗೂ ಹತ್ತುತ್ತದೆ. ಒತ್ತಬೇಕಾದ್ದು ‘ರಿವರ್ಟ್’.

ಆದ್ದರಿಂದ ಮೆನುವಿನಲ್ಲಿ ಕಾಣುವ ‘ಪ್ರಿಫ್ಯಾಬ್’ ಹಾಗೇ ಇರಲಿ, ವಿವರಣೆಗೆ ‘ತಾಯಿ’, ‘ಮರಿ’ ಬಳಸಿ. ಪ್ರಿಫ್ಯಾಬ್ ತಾಯಿ; ಇನ್‌ಸ್ಟನ್ಸ್, ಅಂದರೆ ಸೀನಿನಲ್ಲಿ ಇಟ್ಟ ಅದರ ಪ್ರತಿ, ಮರಿ; ಓವರ್‌ರೈಡ್ ಅಂದರೆ ಮರಿಯ ಸ್ವಂತ ಬದಲಾವಣೆ. ಅಪ್ಲೈಗೆ ‘ತಾಯಿಗೆ ಒಪ್ಪಿಸು’, ರಿವರ್ಟ್‌ಗೆ ‘ತಾಯಿಯಂತೆ ಮಾಡು’, ಅನ್‌ಪ್ಯಾಕ್‌ಗೆ ‘ನಂಟು ಬಿಡಿಸು’. ‘ಬಿಚ್ಚು’ ಎಂದು ಬರೆಯಬೇಡಿ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು ಎಂದುಕೊಳ್ಳುತ್ತಾರೆ. ಅನ್‌ಪ್ಯಾಕ್ ಮಾಡಿದ ಮರಿಗೆ ಆಮೇಲೆ ತಾಯಿಯ ಯಾವ ಬದಲಾವಣೆಯೂ ಮುಟ್ಟುವುದಿಲ್ಲ.

ನೀವು ಕೇಳದ ಇನ್ನೊಂದು ಪದ: ‘ಮಾಡ್ಯೂಲ್’. ಅದಕ್ಕೆ ನಮ್ಮ ಕಡೆ ಹಳೆಯ ಪದವೇ ಇದೆ, ‘ಅಂಕಣ’. ಆರಂಕಣದ ಮನೆ, ಒಂಬತ್ತಂಕಣದ ಮನೆ ಎನ್ನುತ್ತಿದ್ದರಲ್ಲ, ಕಂಬ-ತೊಲೆಗಳ ನಡುವಿನ ಒಂದು ಖಾನೆ ಅದು. ಮನೆ ಬೆಳೆದರೆ ಆ ಲೆಕ್ಕದಲ್ಲೇ ಬೆಳೆಯಬೇಕು. ಲೆವೆಲ್ ಕಟ್ಟುವ ರೀತಿಯೂ ಅದೇ. 4 ಮೀಟರಿನ ಗೋಡೆ ಒಂದು ಅಂಕಣ ಎಂದು ಗೊತ್ತು ಮಾಡಿ, 2 ಮತ್ತು 1 ಮೀಟರಿನವನ್ನು ಅರೆ ಅಂಕಣ, ಕಾಲಂಕಣ ಎನ್ನಿ. ಪಿವಟ್, ಅಂದರೆ ತುಂಡನ್ನು ಹಿಡಿದು ಇಡುವ ಬಿಂದು, ನೆಲದ ಮೂಲೆಯಲ್ಲಿರಬೇಕು. ನಡುವೆ ಇದ್ದರೆ 4 ಮತ್ತು 2 ಮೀಟರಿನವು 1 ಮೀಟರಿನ ಗ್ರಿಡ್ಡಿಗೆ (ಚೌಕಳಿ ಗೆರೆಗಳಿಗೆ) ಸರಿಯಾಗಿ ಬರುತ್ತವೆ, ಕಾಲಂಕಣದ ಅಂಚು ಮಾತ್ರ ಅರ್ಧ ಮೀಟರಿಗೆ ಬೀಳುತ್ತದೆ. ಸಂದು ಬಿಟ್ಟಿತೆಂದು ಗೋಡೆಯನ್ನು ಸ್ಕೇಲ್ ಮಾಡಿ ಎಳೆದರೆ ಕಲ್ಲಿನ ಚಿತ್ರವೂ ಜೊತೆಗೆ ಹಿಗ್ಗುತ್ತದೆ.

ಸ್ನ್ಯಾಪ್‌ಗೆ ‘ಕೂರಿಸು’. ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂತಿತು ಎನ್ನುತ್ತೇವೆ, ಜೋಡಿಸಿತು ಎನ್ನುವುದಿಲ್ಲ. ಗ್ರಿಡ್ ಸ್ನ್ಯಾಪ್ ‘ಗ್ರಿಡ್ಡಿಗೆ ಕೂರಿಸು’, ಯೂನಿಟಿಯಲ್ಲಿ ‘ವಿ’ ಕೀ ಒತ್ತಿಹಿಡಿದು ಮಾಡುವ ವರ್ಟೆಕ್ಸ್ ಸ್ನ್ಯಾಪ್ ‘ಮೂಲೆಗೆ ಮೂಲೆ ಕೂರಿಸು’. ಎರಡನ್ನೂ ಬೆರೆಸಬಾರದೆಂದು ಕೈಪಿಡಿಯಲ್ಲೇ ಎಚ್ಚರಿಸಿ. ಒಂದು ತುಂಡು ಗ್ರಿಡ್ಡಿನಿಂದ 0.003 ಮೀಟರ್ ಸರಿದಿದ್ದರೆ, ಅದರ ಮೂಲೆಗೆ ಕೂತದ್ದೆಲ್ಲ ಆ ತಪ್ಪನ್ನೇ ಹೊತ್ತು ಸಾಗುತ್ತದೆ. ಸುತ್ತುಗೋಡೆ ಸುತ್ತಿ ಬಂದು ಮುಚ್ಚುವಲ್ಲಿ ಕೂದಲೆಳೆ ಸಂದು ಕಾಣುತ್ತದೆ.

ಇನ್ನು ‘ಕೆತ್ತು’. ಎರಡೂ ಕಡೆ ಅದು ತಪ್ಪು, ಕಾರಣ ಬೇರೆ ಬೇರೆ. ಹ್ಯಾಮರಿನಲ್ಲಿ ಗೋಡೆ ಕಟ್ಟುವ ಬ್ರಷ್ ಎಂದರೆ ಎಲ್ಲೂ ಒಳಕ್ಕೆ ತಗ್ಗದ ಘನ, ಅದರಲ್ಲಿ ತೂತು ಇರಲು ಸಾಧ್ಯವೇ ಇಲ್ಲ. ಆದ್ದರಿಂದ ಕಾರ್ವ್ ಗೋಡೆಯನ್ನು ತೂತಿನ ಸುತ್ತ ಹೋಳು ಮಾಡುತ್ತದೆ: ಚೌಕ ಕಿಟಕಿಗೆ ನಾಲ್ಕು ಹೋಳು, ಎಂಟು ಮುಖದ ಸಿಲಿಂಡರ್ ತೂರಿಸಿದರೆ ಎಂಟು ಓರೆ ಹೋಳು, ಮೂಲೆಗಳು ಗ್ರಿಡ್ ತಪ್ಪಿದವು. ಇದು ‘ಸೀಳು’. ಅನುಭವಿಗಳು ಕಾರ್ವ್ ಮುಟ್ಟದೆ ಕ್ಲಿಪ್ ಟೂಲಿನಿಂದ ತಾವೇ ಕತ್ತರಿಸುವುದು ಇದಕ್ಕೇ.

ಗೋಡೋದಲ್ಲಿ ಗೋಡೆ ಹೋಳಾಗುವುದಿಲ್ಲ. ಸಿಎಸ್‌ಜಿ ಕಂಬೈನರಿನ (ಘನಗಳನ್ನು ಕೂಡಿ ಕಳೆದು ಆಕಾರ ಮಾಡುವ ಘಟಕದ) ಕೆಳಗೆ ಗೋಡೆ, ಅದರ ಕೆಳಕ್ಕೆ ಕಳೆಯುವ ಡಬ್ಬ. ಡಬ್ಬ ಸೀನಿನ ಮರದಲ್ಲಿ, ಅಂದರೆ ವಸ್ತುಗಳ ಪಟ್ಟಿಯಲ್ಲಿ, ಹಾಗೇ ಉಳಿಯುತ್ತದೆ, ನಾಳೆ ಸರಿಸಿದರೆ ತೂತೂ ಸರಿಯುತ್ತದೆ. ಲೆಕ್ಕದ ‘ಕಳೆ’ ಇದಕ್ಕೆ ಸರಿ, ಯೂನಿಯನ್ನಿಗೆ ‘ಕೂಡು’. ಗೋಡೆ 1 ಮೀಟರ್ ದಪ್ಪವಿದ್ದರೆ ಡಬ್ಬ 1.2 ಮೀಟರ್ ಇರಲಿ, ಎರಡು ಬದಿಗೂ ಚೂರು ಚಾಚಬೇಕು. ಸಮಕ್ಕೆ ಸಮ ಇಟ್ಟರೆ ಬಾಯಲ್ಲಿ ತೆಳು ಪೊರೆ ಉಳಿಯಬಹುದು.

ಕಿಂಡಿಯ ಅಳತೆ ಕೂಡ ನೋಡಿಕೊಳ್ಳಿ. ಆಟಗಾರನನ್ನು ನಡೆಸುವ ಯೂನಿಟಿಯ ಕ್ಯಾರೆಕ್ಟರ್ ಕಂಟ್ರೋಲರಿನ ತ್ರಿಜ್ಯ ಮೊದಲಿಗೆ 0.5 ಇರುತ್ತದೆ, ಸ್ಕಿನ್ ವಿಡ್ತ್ (ಅದರ ಸುತ್ತಲಿನ ತೆಳು ಅಂತರ) 0.08. ಎರಡು ಬದಿ ಸೇರಿ 1.16 ಮೀಟರ್. ಕಾಲಂಕಣದ ಕಿಂಡಿ ಬಿಟ್ಟರೆ ಆಟಗಾರ ಬಾಯಲ್ಲೇ ನಿಲ್ಲುತ್ತಾನೆ. 0.25ರ ಗ್ರಿಡ್ಡಿನಲ್ಲಿ 1.25 ಇಡಿ. ಇಕ್ಕಟ್ಟು ಅನಿಸಬೇಕೆಂದಿದ್ದರೆ ಎತ್ತರ ತಗ್ಗಿಸಿ, ಆದರೆ ಕಂಟ್ರೋಲರಿನ 2 ಮೀಟರಿಗೆ ಮೇಲೆ ಕೆಳಗೆ ಸ್ಕಿನ್ ವಿಡ್ತ್ ಸೇರಿದ 2.16 ಮೀಟರಿಗಿಂತ ಮೇಲಿರಲಿ.

*

ತುಂಬಾ ಉಪಕಾರ ಸರ್. ‘ಸೀಳು’, ‘ಕಳೆ’ ಇವತ್ತೇ ಬದಲಾದವು. ಒಂದು ಅನುಮಾನ: ‘ಅಂಕಣ’ ಎಂದರೆ ಈಗಿನ ಹುಡುಗರಿಗೆ ಕಬಡ್ಡಿಯದೋ ಪತ್ರಿಕೆಯದೋ ನೆನಪಾಗುವುದಿಲ್ಲವೇ?

*

ಬಿಡಿಯಾಗಿ ಬಿಟ್ಟರೆ ಆಗುತ್ತದೆ, ಮೇಡಂ. ‘ಗೋಡೆ ಅಂಕಣ’, ‘ಮೂಲೆ ಅಂಕಣ’, ‘ಬಾಗಿಲಂಕಣ’ ಎಂದು ಜೋಡಿಪದ ಮಾಡಿ. ಫೋಲ್ಡರಿನ ಹೆಸರೂ ಹಾಗೇ ಇರಲಿ.