ಮಾರ್ಕ್ಸ್ ಹಂಚಿದ ಪ್ರೊಫೆಸರ್

ನಮ್ಮದು 1986ರ ಎಸ್ಸೆಸ್ಸೆಲ್ಸಿ ಬ್ಯಾಚು. ಸಾಗರ ತಾಲ್ಲೂಕಿನ ಒಂದು ಹೈಸ್ಕೂಲು. ಗುಂಪಿನಲ್ಲಿ 43 ಜನ ಇದ್ದೇವೆ, ಮಾತಾಡುವವರು ಏಳೆಂಟು ಜನ. ನಾನು ಅಡ್ಮಿನ್. ಅಂದರೆ ಯಾರು ಜಗಳ ಆಡಿದರೂ ಕೊನೆಗೆ ಬೈಸಿಕೊಳ್ಳುವವನು. ಹೆಸರು ಹೇಳುವುದಿಲ್ಲ. ಫೋನಿನಲ್ಲಿ ಹೇಗೆ ಸೇವ್ ಮಾಡಿಕೊಂಡಿದ್ದೇನೋ ಹಾಗೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ 6:52ಕ್ಕೆ ‘ಬ್ಯಾಂಕು’ ಒಂದು ಫಾರ್ವರ್ಡ್ ಹಾಕಿದ. ಮೇಲೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಎರಡು ಬಾಣದ ಗುರುತು. ನೀವೂ ಓದಿರುತ್ತೀರಿ. ಒಬ್ಬ ಪ್ರೊಫೆಸರ್ ಇಡೀ ಕ್ಲಾಸಿನ ಮಾರ್ಕ್ಸ್ ಕೂಡಿಸಿ ಎಲ್ಲರಿಗೂ ಸಮನಾಗಿ ಹಂಚುತ್ತಾನೆ. ಓದುವವರು ‘ನಾನ್ಯಾಕೆ ಓದಲಿ’ ಎಂದು ಬಿಡುತ್ತಾರೆ. ಓದದವರು ಹೇಗೂ ಓದುವುದಿಲ್ಲ. ಮೂರನೇ ಪರೀಕ್ಷೆಗೆ ಇಡೀ ಕ್ಲಾಸ್ ಫೇಲು. ದುಡಿದವರ ಹಣ ಹಂಚಿದರೆ ದೇಶಕ್ಕೂ ಇದೇ ಗತಿ, ಇತ್ಯಾದಿ. ಕೆಳಗೆ ಬ್ಯಾಂಕಿನವನ ಸ್ವಂತ ಸಾಲು: ‘ಗ್ಯಾರಂಟಿ ಪ್ರಿಯರಿಗೆ ಅರ್ಪಣೆ 🙏’.

ಅವನು ವಿಆರ್‌ಎಸ್ ತಗೊಂಡು ಬೆಂಗಳೂರಿನಲ್ಲಿದ್ದಾನೆ. ಹಿಂದಿನ ದಿನವಷ್ಟೇ ಆದಾಯ ತೆರಿಗೆ ರಿಟರ್ನ್ ತುಂಬಿದ್ದನಂತೆ. ಹೊಟ್ಟೆ ಉರಿ ಹಸಿಯಾಗಿತ್ತು.

ಎಂಟು ನಿಮಿಷದಲ್ಲಿ ‘ಮೂಲ ಎಲ್ಲಿ’ ಬಂದ. ಪಿಯು ಕಾಲೇಜಿನ ಲೆಕ್ಚರರ್, ಶಿವಮೊಗ್ಗ.

ಮೂಲ ಎಲ್ಲಿ: ಯಾವ ಯೂನಿವರ್ಸಿಟಿ? ಯಾವ ಪ್ರೊಫೆಸರ್? ಯಾವ ಇಸವಿ?

ಬ್ಯಾಂಕು: ನೀತಿ ಕಥೆಗೂ ಇಸವಿ ಬೇಕೇನಪ್ಪ? ಆಮೆ ಮೊಲದ ಓಟ ಯಾವ ಸ್ಟೇಡಿಯಂನಲ್ಲಿ ನಡೆಯಿತು?

ಇದಕ್ಕೆ ಹನ್ನೊಂದು ನಗುವ ಮುಖಗಳು ಬಿದ್ದವು. ನಿಜ ಹೇಳಬೇಕು ಅಂದರೆ ನನಗೂ ನಗು ಬಂತು.

ಮೂಲ ಎಲ್ಲಿ: ಆಮೆ ಕಥೆಯನ್ನು ಯಾರೂ ‘ನಿಜವಾಗಿ ನಡೆದ ಘಟನೆ’ ಅಂತ ಕಳಿಸುವುದಿಲ್ಲ. ಇರಲಿ. ಅಪ್ಪ ತೆಗೆದ ಮಾರ್ಕ್ಸ್ ಮಗನಿಗೆ ಬರುತ್ತದಾ? ಅಪ್ಪನ ತೋಟ ಬರುತ್ತದೆ. ಎಲ್ಲರೂ ಸೊನ್ನೆಯಿಂದ ಶುರು ಮಾಡುವ ಪರೀಕ್ಷೆಗೂ ಆಸ್ತಿಗೂ ಏನು ಸಂಬಂಧ?

ಇದು ಒಳ್ಳೆಯ ಪ್ರಶ್ನೆ. ಯಾರೂ ಉತ್ತರ ಕೊಡಲಿಲ್ಲ. ಯಾಕೆಂದರೆ ಅಷ್ಟರಲ್ಲಿ ‘ದುಬೈ’ ಎದ್ದಿದ್ದ.

ದುಬೈ: ಮಾರ್ಕ್ಸ್ ಅಂದ ಕೂಡಲೇ ನೆನಪಾಯ್ತು. ಪ್ರಿಪರೇಟರಿಯಲ್ಲಿ ಬ್ಯಾಂಕಿಗೆ ಲೆಕ್ಕದಲ್ಲಿ ಎಷ್ಟು ಬಂದಿತ್ತು? 😂

ಬ್ಯಾಂಕು: 71.

ದುಬೈ: ಅದರಲ್ಲಿ ನಿನ್ನದು ಎಷ್ಟು, ಮುಂದಿನ ಬೆಂಚಿನವನದು ಎಷ್ಟು?

ಮುಂದಿನ ಬೆಂಚಿನಲ್ಲಿ ಕೂತಿದ್ದವನು ‘ಮೂಲ ಎಲ್ಲಿ’. ಇದು ಬ್ಯಾಚಿಗೆಲ್ಲ ಗೊತ್ತಿರುವ ವಿಷಯ. ಮಾರ್ಕ್ಸ್ ಹಂಚಿಕೆಯನ್ನು ಪ್ರೊಫೆಸರ್‌ಗಿಂತ ಮೊದಲೇ ನಮ್ಮ ಶಾಲೆಯಲ್ಲಿ ಮಾಡಿ ನೋಡಿದ್ದೆವು, ಇಬ್ಬರೂ ಪಾಸಾಗಿದ್ದರು. ‘ಮೂಲ ಎಲ್ಲಿ’ ಬರೀ ಒಂದು ಚುಕ್ಕಿ ಹಾಕಿದ. ಅದು ಅವನ ನಗು.

ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ಯಾರೋ ಒಬ್ಬರು ‘ಭಾನುವಾರ ಬೆಳಿಗ್ಗೆ ಮಾರ್ಕ್ಸ್ ವಿಷಯ ಬೇಡ’ ಅಂದರು. ‘ಸಾಹುಕಾರ’ ಅದನ್ನು ಜರ್ಮನಿಯ ಗಡ್ಡದ ಮಾರ್ಕ್ಸ್ ಅಂದುಕೊಂಡ. ಕನ್ನಡದಲ್ಲಿ ಎರಡಕ್ಕೂ ಒಂದೇ ಕಾಗುಣಿತ, ತಪ್ಪು ಅವನದಲ್ಲ.

ಸಾಹುಕಾರ: ಯಾಕೆ ಬೇಡ? ಆ ಮಾರ್ಕ್ಸ್ ಹೇಳಿದ್ದು ಕೇಳಿಯೇ ನಮ್ಮ ಮನೆ ಗದ್ದೆ ಹೋಗಿದ್ದು. ಕೂಲಿ ಕೊಡುವವನು ಕಳ್ಳ, ಕೆಲಸ ಮಾಡುವವನು ದೇವರು ಅಂತ ತಾನೇ ಅವನು ಹೇಳಿದ್ದು?

ಮೂಲ ಎಲ್ಲಿ: ಹಾಗೆ ಹೇಳಲಿಲ್ಲ. ಕೂಲಿಯವನು ದಿನಕ್ಕೆ ಬೆಳೆಸುವ ಬೆಲೆ ಒಂದು, ಅವನ ಕೈಗೆ ಬರುವುದು ಇನ್ನೊಂದು. ಮಧ್ಯದ ವ್ಯತ್ಯಾಸ ಯಾರಿಗೆ ಅಂತ ಕೇಳಿದ, ಅಷ್ಟೇ.

ಸಾಹುಕಾರ: ಆ ವ್ಯತ್ಯಾಸ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳುತ್ತೇನೆ. ಮಳೆಗಾಲಕ್ಕೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಬೇಕು. ಹೊಡೆದರೂ ಕೊಳೆ ರೋಗ ಬರುತ್ತದೆ. ಈಗ ಎಲೆಚುಕ್ಕಿ ರೋಗ ಬೇರೆ. ಬೆಳೆ ಹೋದ ವರ್ಷ ಮರ ಹತ್ತಿ ಅಡಿಕೆ ಕೊಯ್ಯುವ ಯಾವ ಕೊನೆಗಾರನಾದರೂ ಬಂದು ‘ಗೌಡ್ರೇ, ಅರ್ಧ ಕೂಲಿ ವಾಪಸ್ ತಗೊಳ್ಳಿ’ ಅಂದಿದ್ದಾನಾ? ನಷ್ಟ ನನ್ನದು ಅಂದರೆ ಲಾಭವೂ ನನ್ನದೇ. ಇದರಲ್ಲಿ ಅನ್ಯಾಯ ಏನು?

ಸಾಹುಕಾರ ಇಷ್ಟುದ್ದ ಬರೆದದ್ದು ನಾನು ನೋಡಿರಲಿಲ್ಲ. ವಾದದಲ್ಲಿ ಹುರುಳೂ ಇತ್ತು. ಎಲೆಚುಕ್ಕಿ ಬಂದ ತೋಟವನ್ನು ಹತ್ತಿರದಿಂದ ನೋಡಿದವರಿಗೆ ಅದು ಗೊತ್ತು. ಮರ ಸಾಯುವುದನ್ನು ನೋಡುತ್ತಾ ಕೂಲಿ ಎಣಿಸಿ ಕೊಡುವುದು ಸುಲಭ ಅಲ್ಲ.

ಮೂಲ ಎಲ್ಲಿ: ಒಪ್ಪಿದೆ. 2014ರಲ್ಲಿ ಕೆಂಪಡಿಕೆ ದರ ಆಕಾಶಕ್ಕೆ ಹೋಯಿತಲ್ಲ, ಆಗ ಕೊನೆಗಾರನಿಗೆ ಎಷ್ಟು ಜಾಸ್ತಿ ಕೊಟ್ಟೆ? ಅವನೂ ಮರದ ತುದಿಯಲ್ಲಿ ಜೀವ ಇಟ್ಟಿರುತ್ತಾನೆ. ಅದಕ್ಕೆ ಅಪಾಯ ಅಂತ ಹೆಸರಿಲ್ವಾ?

ಸಾಹುಕಾರ: ನೀನು ಕಾಲೇಜಿನಲ್ಲಿ ಫ್ಯಾನ್ ಕೆಳಗೆ ಕೂತು ಮಾತಾಡಬೇಡ.

ಹೀಗೆ ಅಂದ ಮೇಲೆ ಅಡಿಕೆ ದರದ ಮಾತು ಮುಗಿಯಿತು. ಫ್ಯಾನಿನ ಮಾತು ಶುರುವಾಯಿತು. ಯಾರಿಗೆ ಏಳನೇ ವೇತನ ಆಯೋಗದಲ್ಲಿ ಎಷ್ಟು ಬಂತು, ಯಾರ ಮಗ ವಿದೇಶದಲ್ಲಿ, ಯಾರಿಗೆ ಎರಡು ಸೈಟು. ನಲವತ್ತು ಮೆಸೇಜು. ಅದನ್ನೆಲ್ಲ ಬಿಡುತ್ತೇನೆ.

8:30ಕ್ಕೆ ಮೇಷ್ಟ್ರು ಬಂದರು. ನಮ್ಮ ಕನ್ನಡ ಮೇಷ್ಟ್ರು, ನಿವೃತ್ತಿಯಾಗಿ ಇಪ್ಪತ್ತು ವರ್ಷ. ಲಾಕ್‌ಡೌನ್ ಸಮಯದಲ್ಲಿ ಅವರನ್ನು ಗುಂಪಿಗೆ ಸೇರಿಸಿದ್ದು ನಾನೇ. ಆವತ್ತಿನಿಂದ ಗುಂಪಿನಲ್ಲಿ ಯಾರೂ ಕೆಟ್ಟ ಮಾತು ಆಡಿಲ್ಲ, ಯಾರೂ ಪೂರ್ತಿ ನಿಜವನ್ನೂ ಆಡಿಲ್ಲ.

ಮೇಷ್ಟ್ರು: ಮಕ್ಕಳೇ, ಆಯ್ದಕ್ಕಿ ಲಕ್ಕಮ್ಮನ ಪಾಠ ಮರೆತಿರಾ? ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದ. ಲಕ್ಕಮ್ಮ ‘ಇಷ್ಟು ನಮಗೆ ಬೇಡ, ಅಲ್ಲಿಯೇ ಸುರಿದು ಬಾ’ ಎಂದು ವಾಪಸ್ ಕಳಿಸಿದಳು. ಕಾಯಕ ಮಾಡಬೇಕು, ಆಸೆ ಪಡಬಾರದು. ಕೂಲಿ ಎಷ್ಟು ಎಂದು ಕೇಳುವುದಕ್ಕಿಂತ ಕೆಲಸ ಹೇಗೆ ಮಾಡಿದೆ ಎಂದು ಕೇಳಿಕೊಳ್ಳಿ.

ಬ್ಯಾಂಕು: ಸರಿಯಾಗಿ ಹೇಳಿದಿರಿ ಸರ್ 🙏🙏 ಬಿಟ್ಟಿ ಬಂದದ್ದು ಬೇಡ ಅಂದಳು ಲಕ್ಕಮ್ಮ.

ಮೂಲ ಎಲ್ಲಿ: ಬಿಟ್ಟಿ ಬೇಡ ಅನ್ನಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಬೇಡ ಅಂದಳು. ಅದು ಗೃಹಲಕ್ಷ್ಮಿಯ 2,000 ರೂಪಾಯಿಗೆ ಹೇಳಿದ ಮಾತಲ್ಲ, ನಿನ್ನ ಎರಡನೇ ಸೈಟಿಗೆ ಹೇಳಿದ್ದು.

ಇದಕ್ಕೆ ಮೇಷ್ಟ್ರೇ ಹೆಬ್ಬೆರಳು ಎತ್ತಿದರು. ಬೆರಳು ತಪ್ಪಿ ಬಿತ್ತೋ ಬೇಕೆಂದೇ ಒತ್ತಿದರೋ ಗೊತ್ತಿಲ್ಲ.

ಬ್ಯಾಂಕಿಗೆ ಸಿಟ್ಟು ಬಂತು. ‘ನನ್ನ ಟ್ಯಾಕ್ಸ್ ಹಣ’ ಎಂದು ಶುರು ಮಾಡಿದ. ‘ಮೂಲ ಎಲ್ಲಿ’ ಪಟ್ಟಿ ತೆಗೆದ. 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯ ಮೂಲ ದರ 30ರಿಂದ ಶೇ 22ಕ್ಕೆ ಇಳಿಯಿತು, ಆಗ ನೀನು ಯಾವ ಕಥೆ ಕಳಿಸಿದ್ದೆ? ಸತ್ತವರ ಆಸ್ತಿ ಮೇಲಿನ ತೆರಿಗೆ 1985ರಲ್ಲೇ ಹೋಯಿತು, ಸಂಪತ್ತು ತೆರಿಗೆ 2015ರಲ್ಲಿ ಹೋಯಿತು, ಅದು ಹಂಚಿಕೆ ಅಲ್ವಾ? ಕೇಂದ್ರದ 2024-25ರ ಆರ್ಥಿಕ ಸಮೀಕ್ಷೆಯೇ ಹೇಳಿದೆ, ದೊಡ್ಡ ಕಂಪನಿಗಳ ಲಾಭ ಒಂದು ವರ್ಷದಲ್ಲಿ ಶೇ 22.3 ಏರಿತು, ಕೆಲಸದವರ ಸಂಖ್ಯೆ ಏರಿದ್ದು ಶೇ 1.5. ಮೂಲ ಕೊಟ್ಟಿದ್ದೇನೆ, ಓದು.

ಯಾರೂ ಓದಲಿಲ್ಲ. ಬ್ಯಾಂಕು ‘ಅಂಕಿ ಅಂಶ ಯಾರು ಬೇಕಾದರೂ ತಿರುಚಬಹುದು’ ಅಂದ. ಬೆಳಿಗ್ಗೆ ಊರಿಲ್ಲದ ಪ್ರೊಫೆಸರನ್ನು ನಂಬಿದ ಮನುಷ್ಯ!

ದುಬೈ: ನಮ್ಮಲ್ಲಿ ಸಂಬಳಕ್ಕೆ ಟ್ಯಾಕ್ಸೇ ಇಲ್ಲ. ಜಗಳವೂ ಇಲ್ಲ.

ಮೂಲ ಎಲ್ಲಿ: ಬಿಸಿಲಿನಲ್ಲಿ ಕಟ್ಟಡ ಕಟ್ಟುವವರೂ ಹಾಗೇ ಹೇಳುತ್ತಾರಾ?

ದುಬೈ: ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಹೊರಗಿನ ಕೆಲಸ ನಿಲ್ಲಿಸಲೇಬೇಕು. ಕಾನೂನು. ಇಲ್ಲದಿದ್ದರೆ ನಿಲ್ಲಿಸುತ್ತಿರಲಿಲ್ಲ, ಅದೂ ನಿಜ. ಆಗೆಲ್ಲ ನನಗೆ ಸುಮ್ನೆ ಶಾಲೆ ಉಪ್ಪಿಟ್ಟು ನೆನಪಾಗುತ್ತದೆ. ಹಳದಿ ಬಣ್ಣದ್ದು. ಯಾರಿಗಾದರೂ ನೆನಪಿದೆಯಾ?

ಉಪ್ಪಿಟ್ಟು ಅಂದದ್ದೇ ತಡ, ಎರಡು ವರ್ಷದಿಂದ ಬಾಯಿ ಬಿಡದವರೂ ಬಂದರು. ಪ್ರೈಮರಿಯಲ್ಲಿ ಅಮೆರಿಕದ ಕೇರ್ ಸಂಸ್ಥೆಯವರು ಕೊಡುತ್ತಿದ್ದ ಗೋಧಿ ರವೆ, ಎಣ್ಣೆ ಡಬ್ಬ, ಮುತ್ತುಗದ ಎಲೆ, ತಳ ಹಿಡಿದ ಭಾಗಕ್ಕೆ ನಡೆಯುತ್ತಿದ್ದ ಹೊಡೆದಾಟ. ಅರ್ಧ ಗಂಟೆ ಸ್ವರ್ಗ. ಅಮೆರಿಕದಿಂದ ಹಡಗಿನಲ್ಲಿ ಬಂದ ಬಿಟ್ಟಿ ರವೆ ತಿಂದು ನಾವು ಯಾರೂ ಸೋಮಾರಿಯಾಗಲಿಲ್ಲ ಎಂದು ‘ಮೂಲ ಎಲ್ಲಿ’ ಒಂದು ಸಾಲು ತುರುಕಿದ. ಯಾರೂ ಅದನ್ನು ಗಮನಿಸಲಿಲ್ಲ. ಉಪ್ಪಿಟ್ಟಿನಲ್ಲಿ ರಾಜಕೀಯ ಬೇಡ ಎಂದು ಇಬ್ಬರು ಹೇಳಿದರು.

ಊಟದಿಂದ ಊಟಕ್ಕೆ ಮಾತು ಹಾರಿತು. 2019ರ ಸಮ್ಮಿಲನದ ಊಟ. ಇದು ನಮ್ಮ ಗುಂಪಿನ ಹಳೇ ಗಾಯ.

ಸಾಹುಕಾರ: ಹಂಚಿಕೆ ಅಂದರೆ ಏನು ಅಂತ ನನಗೆ ಅವತ್ತೇ ಗೊತ್ತಾಯಿತು. ನಾನು ಹತ್ತು ಸಾವಿರ ಕೊಟ್ಟೆ. ಐನೂರು ಕೊಟ್ಟವರೂ ಎರಡೆರಡು ಹೋಳಿಗೆ ತಿಂದರು.

ಐನೂರು ಕೊಟ್ಟವನು ‘ಮೂಲ ಎಲ್ಲಿ’. ಆ ವರ್ಷ ಅವನ ಹೆಂಡತಿಯ ಆಪರೇಷನ್ ಆಗಿತ್ತು. ಅದು ನನಗೆ ಗೊತ್ತಿತ್ತು, ಸಾಹುಕಾರನಿಗೆ ಗೊತ್ತಿರಲಿಲ್ಲ.

ಮೂಲ ಎಲ್ಲಿ: ಬ್ಯಾನರ್‌ನಲ್ಲಿ ನಿನ್ನ ಹೆಸರು ಮಾತ್ರ ದೊಡ್ಡದಾಗಿ ಹಾಕಿಸಿಕೊಂಡೆಯಲ್ಲ. ಆ ಹೋಳಿಗೆ ಲೆಕ್ಕ ಅಲ್ಲಿಗೆ ಚುಕ್ತಾ. ಮತ್ತೆ ಗದ್ದೆ ವಿಷಯ. ‘ಹೋಯಿತು’ ಅನ್ನುತ್ತೀಯ. ಎಲ್ಲಿಗೂ ಹೋಗಿಲ್ಲ, ನಮ್ಮ ಮನೆ ಮುಂದೇ ಇದೆ. ಉಳುತ್ತಿದ್ದದ್ದೂ ನಾವೇ.

ಈಗ ಹೊರಗಿನವರಿಗೆ ಸ್ವಲ್ಪ ಹೇಳಬೇಕು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನಿಗೆ ಹಕ್ಕು. ಗೇಣಿದಾರ ಏಳನೇ ನಂಬರಿನ ಫಾರಂ ತುಂಬಬೇಕು, ಭೂ ನ್ಯಾಯಮಂಡಳಿ ತೀರ್ಮಾನಿಸಬೇಕು. ನಮ್ಮ ಕಡೆ ಅದಕ್ಕೆ ‘ಡಿಕ್ಲರೇಷನ್ ಹಾಕುವುದು’ ಅನ್ನುತ್ತಿದ್ದರು. ‘ಮೂಲ ಎಲ್ಲಿ’ಯ ಅಪ್ಪ ಡಿಕ್ಲರೇಷನ್ ಹಾಕಿದ್ದು ಸಾಹುಕಾರನ ಅಜ್ಜನ ಗದ್ದೆಗೆ. ಆಮೇಲೆ ಇಬ್ಬರು ಮಕ್ಕಳೂ ಒಂದೇ ಕ್ಲಾಸಿನಲ್ಲಿ ಹಿಂದೆ ಮುಂದೆ ಕೂತು ಓದಿದರು. ಹೈಸ್ಕೂಲಿನ ಮೂರು ವರ್ಷ ಇದರ ಬಗ್ಗೆ ಒಂದು ಮಾತು ಆಡಿರಲಿಲ್ಲ. ವಾಟ್ಸಾಪ್ ಬರಬೇಕಾಯಿತು.

ಸಾಹುಕಾರ: ಅಜ್ಜಿಯ ಅವಲಕ್ಕಿ ಸರ ಮಾರಿ ಕೊಂಡ ಗದ್ದೆ ಅದು. ಸರ್ಕಾರ ಕೊಟ್ಟ ಪರಿಹಾರದಲ್ಲಿ ಆ ಸರದ ಕೊಂಡಿಯೂ ಬರುತ್ತಿರಲಿಲ್ಲ. ಅಜ್ಜ ಸಾಯುವ ತನಕ ಆ ದಾರಿಯಲ್ಲಿ ನಡೆಯಲಿಲ್ಲ.

ಮೂಲ ಎಲ್ಲಿ: ನನ್ನಪ್ಪ ಗೇಣಿ ಅಳೆದು ಮುಗಿಸಿ ಖಾಲಿ ಗೋಣಿ ಹೆಗಲಿಗೆ ಹಾಕಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದ. ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದರು. ಅದಕ್ಕೆ ಒಂದು ಕಾರಣ ಭತ್ತ ಅಳೆಯುವ ಕೊಳಗ. ಅಳೆಯುವ ಪಾತ್ರೆ ಯಾರ ಮನೆಯದು ಅನ್ನುವುದೇ ಜಗಳ.

ಇದಾದ ಮೇಲೆ ಹತ್ತು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ಬ್ಯಾಂಕು ನನಗೆ ಖಾಸಗಿಯಾಗಿ, ‘ನಾನು ಸುಮ್ನೆ ಜೋಕ್ ಅಂತ ಹಾಕಿದ್ದು ಮಾರಾಯ’ ಎಂದು ಬರೆದ. ಮೇಷ್ಟ್ರು ಕಮಲದ ಹೂವಿನ ಚಿತ್ರ ಹಾಕಿದರು.

ಆಗ ‘ಹೊಲಿಗೆ’ ಬಂದಳು. ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಗುಂಪಿನಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ಹಾಕುವುದು ಬಿಟ್ಟರೆ ಬೇರೆ ಮಾತಿಲ್ಲ.

ಹೊಲಿಗೆ: ಕೊಳಗ ನನಗೆ ಗೊತ್ತಿಲ್ಲ. ಡಬ್ಬ ಗೊತ್ತು. ಅಮ್ಮ ರಾತ್ರಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಡಬ್ಬಕ್ಕೆ ಇಷ್ಟು ಅಂತ ದುಡ್ಡು. ಡಬ್ಬ ಗೋಪುರದ ಹಾಗೆ ತುಂಬಿದರೆ ಒಂದು ಅಂತ ಎಣಿಸುತ್ತಿದ್ದರು. ಅಲ್ಲಾಡಿಸಿ, ಕುಟ್ಟಿ, ಮತ್ತೆ ಮೇಲೆ ಸುರಿಸುತ್ತಿದ್ದರು. ಯಾರ ಮನೆ ಅಂತ ಹೇಳುವುದಿಲ್ಲ.

ಯಾರ ಮನೆ ಅಂತ ಎಲ್ಲರಿಗೂ ಗೊತ್ತು.

ಸಾಹುಕಾರ: ಅದು ಅಪ್ಪನ ಕಾಲ. ಈಗ ನಮ್ಮಲ್ಲಿ ಡಬ್ಬ ಇಲ್ಲ. ತೂಕದ ಮೆಷಿನ್ ಇಟ್ಟಿದ್ದೇನೆ. ಗ್ರಾಂ ಲೆಕ್ಕ.

ಹೊಲಿಗೆ: ಒಳ್ಳೆಯದಾಯಿತು. ಕಿಲೋಗೆ ಎಷ್ಟು ಕೊಡುತ್ತೀರಿ?

ಸಾಹುಕಾರ ಹೆಮ್ಮೆಯಿಂದ ಹೇಳಿದ. ಮೊತ್ತ ಇಲ್ಲಿ ಬರೆಯುವುದಿಲ್ಲ. ಕೂಡಲೇ ದುಬೈ, ‘ನಮ್ಮ ಅಕ್ಕನ ಮನೆಯಲ್ಲಿ ಅದಕ್ಕಿಂತ ಎರಡು ರೂಪಾಯಿ ಜಾಸ್ತಿ, ಮೇಲೆ ಕಾಫಿ ತಿಂಡಿ’ ಅಂದ. ಹೊಸನಗರದ ಒಬ್ಬ ತನ್ನ ದರ ಹಾಕಿದ. ತೀರ್ಥಹಳ್ಳಿಗೆ ಮದುವೆಯಾಗಿ ಹೋದವಳು ಅಲ್ಲಿಯ ದರ ಹಾಕಿದಳು, ಬಂದು ಹೋಗುವ ಆಟೋ ಬಾಡಿಗೆ ಬೇರೆ ಕೊಡುತ್ತಾರಂತೆ. ಬೆಳಿಗ್ಗೆಯಿಂದ ಮೊದಲ ಸಲ ಎಲ್ಲರೂ ಒಬ್ಬರು ಬರೆದದ್ದನ್ನು ಒಬ್ಬರು ಸರಿಯಾಗಿ ಓದುತ್ತಿದ್ದರು. ‘ಮೂಲ ಎಲ್ಲಿ’ ಕೂಡ ಮೂಲ ಕೇಳಲಿಲ್ಲ.

ಸಾಹುಕಾರ: ಅಡ್ಮಿನ್! ದರ ಎಲ್ಲ ಗುಂಪಿನಲ್ಲಿ ಹಾಕಬೇಡಿ ಅನ್ನು. ಸುಲಿಯುವವರಿಗೆ ಗೊತ್ತಾದರೆ ನಾಳೆ ನಮ್ಮಲ್ಲಿಗೆ ಒಬ್ಬರೂ ಬರುವುದಿಲ್ಲ.

ಆಮೇಲೆ ಒಂದೊಂದಾಗಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಬಂತು. ಸಾಹುಕಾರನದು, ಹೊಸನಗರದವನದು, ತೀರ್ಥಹಳ್ಳಿಯವಳದು. ದುಬೈಗೆ ಅಳಿಸುವುದು ಹೇಗೆ ಅಂತ ನಾನೇ ಫೋನ್ ಮಾಡಿ ಹೇಳಿಕೊಡಬೇಕಾಯಿತು.

ಹೊಲಿಗೆ: ನಮ್ಮ ಅತ್ತಿಗೆ ಈಗಲೂ ಸುಲಿಯಲು ಹೋಗುತ್ತಾಳೆ. ಅವಳಿಗೆ ಆಗಲೇ ಫಾರ್ವರ್ಡ್ ಮಾಡಿದೆ 🙂