ತಮ್ಮನ ಕತ್ತಿನ ಹೆಚ್ಚುವರಿ ಪಕ್ಕೆಲುಬು: ಶಸ್ತ್ರಚಿಕಿತ್ಸೆ ಮಾಡಿಸಬೇಕೇ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 29 ವರ್ಷ. ನಮ್ಮದು ಸಣ್ಣ ಕಾಫಿ ತೋಟ. ಆಳುಗಳು ಸಿಗುವುದು ಕಷ್ಟವಾದ್ದರಿಂದ ಮರಗಸಿಯನ್ನೂ (ನೆರಳುಮರಗಳ ಕೊಂಬೆ ಕಡಿಯುವುದು) ಕಾಳುಮೆಣಸಿನ ಕೊಯ್ಲನ್ನೂ ಹೆಚ್ಚಾಗಿ ಅವನೇ ಮಾಡುತ್ತಾನೆ. ಕಳೆದ ಕೊಯ್ಲಿನಿಂದೀಚೆಗೆ ಏಣಿಯ ಮೇಲೆ ನಿಂತು ಕೈ ಎತ್ತಿದ ಸ್ವಲ್ಪ ಹೊತ್ತಿಗೆಲ್ಲ ಬಲಗೈ ಸೋತು ಬರುತ್ತದೆ, ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಚಳಿಗಾಲದ ಬೆಳಗಿನಲ್ಲಿ ಆ ಕೈಯ ಬೆರಳ ತುದಿಗಳು ಬೆಳ್ಳಗಾಗಿ ತಣ್ಣಗಿರುತ್ತವೆ, ಬಿಸಿನೀರಿನಲ್ಲಿ ಅದ್ದಿದ ಮೇಲೆ ಸರಿಹೋಗುತ್ತವೆ.

ಚಿಕ್ಕಮಗಳೂರಿನಲ್ಲಿ ತೆಗೆಸಿದ ಎಕ್ಸ್-ರೇಯಲ್ಲಿ ಕತ್ತಿನ ಎರಡೂ ಕಡೆ ಸರ್ವೈಕಲ್ ರಿಬ್, ಅಂದರೆ ಹುಟ್ಟಿನಿಂದಲೇ ಇರುವ ಒಂದು ಹೆಚ್ಚುವರಿ ಪಕ್ಕೆಲುಬು ಕಂಡಿದೆ. ಇದು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂದು ಹೇಳಿದ ಒಬ್ಬ ವೈದ್ಯರು ಆ ಎಲುಬನ್ನು ತೆಗೆಸಲೇಬೇಕು ಎಂದರು. ಇನ್ನೊಬ್ಬರು ಮೊದಲು ಫಿಸಿಯೋಥೆರಪಿ ಸಾಕು ಎಂದರು. ಶಸ್ತ್ರಚಿಕಿತ್ಸೆ ನಿಜಕ್ಕೂ ಅಗತ್ಯವೇ, ಅದರ ನಂತರ ಅವನು ಮತ್ತೆ ಏಣಿ ಹತ್ತಬಲ್ಲನೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನಮ್ಮದು ಬಿಪಿಎಲ್ ಕಾರ್ಡ್.

ಉತ್ತರ 1: ಹಾಸನದ ಫಿಸಿಯೋಥೆರಪಿಸ್ಟ್

ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಕೈಗೆ ಹೋಗುವ ನರಗಳ ಗುಂಪು, ರಕ್ತ ಒಯ್ಯುವ ಅಪಧಮನಿ ಮತ್ತು ರಕ್ತ ಹಿಂದಕ್ಕೆ ತರುವ ಅಭಿಧಮನಿ ಹಾದುಹೋಗುತ್ತವೆ. ಇವುಗಳಲ್ಲಿ ಯಾವುದು ಒತ್ತಿಕೊಂಡರೂ ಈ ಕಾಯಿಲೆಗೆ ಇದೇ ಹೆಸರು. ಆದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಒತ್ತಿಕೊಳ್ಳುವುದು ನರವೇ. ಅಂಥವರಿಗೆ ಕತ್ತಿನ ಸ್ಕೇಲೀನ್ ಸ್ನಾಯುಗಳನ್ನೂ ಎದೆಯ ಮುಂಭಾಗದ ಸ್ನಾಯುಗಳನ್ನೂ ಸಡಿಲಿಸುವ, ಬೆನ್ನಿನ ಹೆಗಲುಹಲಗೆಯನ್ನು ಸ್ಥಿರಗೊಳಿಸುವ ಮತ್ತು ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಸುವ ವ್ಯಾಯಾಮಗಳನ್ನು ಮೂರು ತಿಂಗಳಾದರೂ ನಿಷ್ಠೆಯಿಂದ ಮಾಡಿಸಬೇಕು. ಕತ್ತು ನೋವಿನವರಿಗೆಲ್ಲ ಕೊಡುವ ಸಾಮಾನ್ಯ ವ್ಯಾಯಾಮದ ಹಾಳೆಯನ್ನು ಹಿಡಿದುಕೊಂಡು ಹೋಗಿ, ಭಾರ ಎತ್ತಿ, ನೋವು ಹೆಚ್ಚಿಸಿಕೊಂಡು ಬಂದವರನ್ನು ನಾನು ನೋಡುತ್ತಲೇ ಇರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಎರಡನೆಯ ವೈದ್ಯರ ಮಾತೇ ಸರಿ.

ಉತ್ತರ 2: ಸಕಲೇಶಪುರದ ಶಿಕ್ಷಕಿ

ನನಗೆ ಬಲಭಾಗದ ಸರ್ವೈಕಲ್ ರಿಬ್ ಮತ್ತು ಮೊದಲ ಪಕ್ಕೆಲುಬು ಎರಡನ್ನೂ ಬೆಂಗಳೂರಿನಲ್ಲಿ ತೆಗೆದಿದ್ದಾರೆ. ನನ್ನದು ನರದ ತೊಂದರೆ. ಕರಿಹಲಗೆಯ ಮೇಲಿನ ಸಾಲು ಬರೆಯುವಾಗ ಸೀಮೆಸುಣ್ಣ ಕೈಯಿಂದ ಜಾರುತ್ತಿತ್ತು, ರವಿಕೆಯ ಹುಕ್ಕು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮಣಿಕಟ್ಟಿನ ನರ ಒತ್ತಿದೆಯೆಂದು ಬಹಳ ಕಾಲ ಅದಕ್ಕೇ ಚಿಕಿತ್ಸೆ ನಡೆಯಿತು. ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲಿ ಗುಳಿ ಬಿದ್ದ ಮೇಲೆಯೇ ಒಬ್ಬರು ಕತ್ತಿನ ಎಕ್ಸ್-ರೇ ತೆಗೆಸಿದರು.

ಕಾಲರ್ ಬೋನಿನ ಮೇಲೆ ಅಡ್ಡಲಾಗಿ ಕೊಯ್ದು ಮಾಡಿದರು. ಎದ್ದ ಮೇಲೆ ಪಕ್ಕದಲ್ಲಿ ಡ್ರೈನ್ ಕೊಳವೆಯಿತ್ತು, ಆಳವಾಗಿ ಉಸಿರೆಳೆದರೆ ನೋಯುತ್ತಿತ್ತು. ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸಿದರಾದರೂ, ಕೈಯನ್ನು ತಲೆಯ ಮೇಲೆತ್ತುವ ಧೈರ್ಯ ಬರಲು ತಿಂಗಳುಗಳೇ ಹಿಡಿದವು. ಗಾಯದ ಕೆಳಗೆ ಅಂಗೈ ಅಗಲದ ಚರ್ಮ ಇಂದಿಗೂ ಮರಗಟ್ಟಿದಂತಿದೆ. ನೋವು ಮತ್ತು ಜೋಮು ಹೋಗಿವೆ. ಕರಗಿದ ಮಾಂಸ ಮಾತ್ರ ಮರಳಿ ತುಂಬಲಿಲ್ಲ. ಆದ್ದರಿಂದ ನಿಮ್ಮ ತಮ್ಮನ ಎರಡೂ ಅಂಗೈಗಳನ್ನು ಒಟ್ಟಿಗಿಟ್ಟು ಹೆಬ್ಬೆರಳ ಬುಡವನ್ನು ಹೋಲಿಸಿ ನೋಡಿ. ಅಲ್ಲಿ ವ್ಯತ್ಯಾಸ ಕಂಡರೆ ತಡಮಾಡಬೇಡಿ.

ಉತ್ತರ 3: ರಕ್ತನಾಳ ಶಸ್ತ್ರಚಿಕಿತ್ಸಕ, ಮೂಲತಃ ಚಿಕ್ಕಮಗಳೂರಿನವನು

ಮೇಲಿನ ಎರಡೂ ಉತ್ತರಗಳು ನರದ ತೊಂದರೆಯ ಮಟ್ಟಿಗೆ ಸರಿಯಾಗಿವೆ. ಆದರೆ ಪ್ರಶ್ನೆಯಲ್ಲಿ ಬಂದುಹೋಗಿರುವ ಒಂದು ವಾಕ್ಯ ನನ್ನನ್ನು ಚಿಂತೆಗೀಡುಮಾಡಿದೆ. ಒಂದೇ ಕೈಯ ಬೆರಳುಗಳು ಬೆಳ್ಳಗಾಗಿ ತಣ್ಣಗಾಗುತ್ತಿವೆ, ಅದೇ ಕಡೆ ಸರ್ವೈಕಲ್ ರಿಬ್ ಇದೆ ಎಂದ ಮೇಲೆ ಮೊದಲು ನೋಡಬೇಕಾದದ್ದು ಅಪಧಮನಿಯನ್ನು. ಅಪಧಮನಿ ಒತ್ತಿಕೊಳ್ಳುವುದು ಈ ಕಾಯಿಲೆಯಲ್ಲಿ ನೂರಕ್ಕೆ ಒಬ್ಬರಲ್ಲಿ ಎಂಬಷ್ಟು ಅಪರೂಪ, ಆದರೆ ಕೈಯನ್ನೇ ಕಳೆಯಬಲ್ಲದ್ದೂ ಅದೇ, ಮತ್ತು ಅದರಲ್ಲಿ ಹೆಚ್ಚಿನವರಿಗೆ ಇಂಥ ಎಲುಬಿನ ದೋಷ ಇದ್ದೇ ಇರುತ್ತದೆ. ಎಲುಬು ವರ್ಷಗಟ್ಟಲೆ ಉಜ್ಜಿದ ಜಾಗದ ಮುಂದೆ ನಾಳ ಉಬ್ಬಿಕೊಳ್ಳುತ್ತದೆ, ಉಬ್ಬಿನ ಒಳಗೋಡೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದರ ಚೂರುಗಳು ಹರಿದುಹೋಗಿ ಬೆರಳಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ವ್ಯಾಯಾಮದಿಂದ ಇದು ಗುಣವಾಗುವುದಿಲ್ಲ.

ಆದ್ದರಿಂದ ಎರಡೂ ತೋಳುಗಳಲ್ಲಿ ರಕ್ತದೊತ್ತಡ ಅಳೆಸಿ, ಬಲಗಡೆ ಕಾಲರ್ ಬೋನಿನ ಮೇಲೆ ಮಿಡಿಯುವ ಗಂಟು ಇದೆಯೇ, ಬೆರಳ ತುದಿಯಲ್ಲಿ ಆರದ ಸಣ್ಣ ಹುಣ್ಣು ಅಥವಾ ಕಪ್ಪು ಚುಕ್ಕೆ ಇದೆಯೇ ಎಂದು ವೈದ್ಯರಿಂದ ನೋಡಿಸಿ. ಬಳಿಕ ಕೈ ಇಳಿಸಿದ ಮತ್ತು ಎತ್ತಿದ ಎರಡೂ ಸ್ಥಿತಿಗಳಲ್ಲಿ ರಕ್ತದ ಹರಿವನ್ನು ನೋಡುವ ಡಾಪ್ಲರ್ ಸ್ಕ್ಯಾನ್, ಅಗತ್ಯವಿದ್ದರೆ ರಕ್ತನಾಳಗಳ ಚಿತ್ರ ತೆಗೆಯುವ ಸಿಟಿ ಆಂಜಿಯೋಗ್ರಾಂ ಆಗಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು: ಕೈ ಎತ್ತಿದಾಗ ನಾಡಿ ನಿಲ್ಲುವುದು ಆರೋಗ್ಯವಂತರಲ್ಲಿಯೂ ಕಾಣುತ್ತದೆ, ಅದೊಂದನ್ನೇ ಹಿಡಿದು ಶಸ್ತ್ರಚಿಕಿತ್ಸೆ ನಿರ್ಧರಿಸಬಾರದು. ಹಾಗೆಯೇ ಎಕ್ಸ್-ರೇಯಲ್ಲಿ ಎಲುಬು ಕಂಡಿತೆಂದ ಮಾತ್ರಕ್ಕೆ ಅದನ್ನು ತೆಗೆಯುವುದೂ ತಪ್ಪು. ಇಂಥ ಎಲುಬು ಇರುವ ಬಹುಪಾಲು ಜನರಿಗೆ ಜೀವಮಾನವಿಡೀ ಯಾವ ತೊಂದರೆಯೂ ಬರುವುದಿಲ್ಲ. ನಿಮ್ಮ ತಮ್ಮನ ಎಡಗಡೆಯ ಎಲುಬನ್ನು ಸದ್ಯಕ್ಕೆ ಯಾರೂ ಮುಟ್ಟಬೇಕಾಗಿಲ್ಲ.

ನಾಳ ಉಬ್ಬಿರುವುದು ಖಚಿತವಾದರೆ ಕಾಯುವ ಪ್ರಶ್ನೆಯೇ ಇಲ್ಲ. ಸರ್ವೈಕಲ್ ರಿಬ್ ಅನ್ನೂ ಸಾಮಾನ್ಯವಾಗಿ ಮೊದಲ ಪಕ್ಕೆಲುಬನ್ನೂ ತೆಗೆದು, ಸ್ಕೇಲೀನ್ ಸ್ನಾಯುಗಳನ್ನು ಬಿಡಿಸಿ, ಕೆಟ್ಟ ಭಾಗದ ಅಪಧಮನಿಗೆ ಕಾಲಿನ ಅಭಿಧಮನಿಯ ತುಂಡನ್ನೋ ಕೃತಕ ನಾಳವನ್ನೋ ಜೋಡಿಸುತ್ತಾರೆ. 1966ರಲ್ಲಿ ಅಮೆರಿಕದ ಡೇವಿಡ್ ರೂಸ್ ಅವರು ಪ್ರಚಾರಕ್ಕೆ ತಂದ, ಕಂಕುಳಿನ ಮೂಲಕ ಪಕ್ಕೆಲುಬು ತೆಗೆಯುವ ವಿಧಾನದಲ್ಲಿ ಗಾಯದ ಗುರುತು ಕಾಣುವುದಿಲ್ಲವೆಂಬುದು ನಿಜ. ಆದರೆ ಅಲ್ಲಿಂದ ನಾಳವನ್ನು ಸರಿಪಡಿಸುವುದು ಕಷ್ಟ. ಆದ್ದರಿಂದ ಇಂಥ ರೋಗಿಗೆ ನಾನು ಕಾಲರ್ ಬೋನಿನ ಮೇಲಿನ ದಾರಿಯನ್ನೇ ಒಪ್ಪುತ್ತೇನೆ.

ಅಪಾಯಗಳನ್ನು ಮುಚ್ಚಿಡಬಾರದು. ಶ್ವಾಸಕೋಶದ ಹೊದಿಕೆ ತೂತಾಗಿ ಗಾಳಿ ಸೇರಬಹುದು. ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ನರಕ್ಕೆ ಪೆಟ್ಟಾದರೆ ಏದುಸಿರು ಬರುತ್ತದೆ, ಹೆಗಲುಹಲಗೆಯ ನರಕ್ಕೆ ಪೆಟ್ಟಾದರೆ ಆ ಹಲಗೆ ಬೆನ್ನಿನಿಂದ ಎದ್ದು ನಿಲ್ಲುತ್ತದೆ, ಕೈಯ ನರಗಳಿಗೇ ಪೆಟ್ಟಾದರೆ ಕೈ ಬಲಹೀನವಾಗುತ್ತದೆ. ಇವು ಅನುಭವಿಗಳ ಕೈಯಲ್ಲಿ ಕಡಿಮೆ. ನೀವು ಹೋದ ಕಡೆ ಈ ಶಸ್ತ್ರಚಿಕಿತ್ಸೆಯನ್ನು ಎಷ್ಟು ಬಾರಿ ಮಾಡಿದ್ದೀರಿ, ನಾಳ ಜೋಡಿಸುವವರು ತಂಡದಲ್ಲಿದ್ದಾರೆಯೇ ಎಂದು ನೇರವಾಗಿ ಕೇಳಿ. ಒಳ್ಳೆಯ ಶಸ್ತ್ರಚಿಕಿತ್ಸಕರು ಇದಕ್ಕೆ ಬೇಸರಪಡುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ ಶಿಫಾರಸು ಪತ್ರ ಪಡೆಯಿರಿ, ಈ ಚಿಕಿತ್ಸೆ ಯೋಜನೆಯಲ್ಲಿ ಸೇರುತ್ತದೆಯೇ ಎಂದು ಅಲ್ಲಿ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ವಿಚಾರಿಸಿ.

ಉತ್ತರ 4: ಹಾಸನದ ಫಿಸಿಯೋಥೆರಪಿಸ್ಟ್

ಡಾಕ್ಟರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸ್ಕ್ಯಾನ್ ಆಗಿ ಅಪಧಮನಿ ಚೆನ್ನಾಗಿದೆ ಎಂದು ತಿಳಿಯುವವರೆಗೆ ನಾನು ಹೇಳಿದ ವ್ಯಾಯಾಮಗಳನ್ನು ಆರಂಭಿಸಬೇಡಿ.

ಪ್ರಶ್ನೆ ಕೇಳಿದವರು: ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ತೋಳುಗಳ ರಕ್ತದೊತ್ತಡ ನೋಡಿಸಿದೆವು. ಎಡಗೈಯಲ್ಲಿ 124, ಬಲಗೈಯಲ್ಲಿ 96 ಬಂದಿದೆ. ಹೆಬ್ಬೆರಳ ಬುಡ ಎರಡೂ ಕಡೆ ಒಂದೇ ರೀತಿ ಇದೆ. ಆದರೆ ಬಲಗೈಯ ತೋರುಬೆರಳ ತುದಿಯಲ್ಲಿ, ಉಗುರಿನ ಅಂಚಿಗೆ, ಮುಳ್ಳು ಚುಚ್ಚಿದ್ದೆಂದು ನಾವು ತಿಳಿದಿದ್ದ ಒಂದು ಕಪ್ಪು ಚುಕ್ಕೆ ಇದೆ. ಮೆಣಸಿನ ಕೊಯ್ಲು ಮುಗಿಸಿಕೊಂಡು ಹೋದರೆ ಆದೀತೇ?

ಉತ್ತರ 5: ರಕ್ತನಾಳ ಶಸ್ತ್ರಚಿಕಿತ್ಸಕ

ಆಗುವುದಿಲ್ಲ, ದಯವಿಟ್ಟು ಕಾಯಬೇಡಿ. ಎರಡು ತೋಳುಗಳ ನಡುವೆ 20ಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತು ಆ ಕಪ್ಪು ಚುಕ್ಕೆ ಎರಡೂ ಸೇರಿದರೆ ನಾಳದ ತೊಂದರೆಯ ಸಂಶಯ ಗಟ್ಟಿಯಾಗುತ್ತದೆ. ನಾಳೆಯೇ ಹೊರಟು, ರಕ್ತನಾಳ ಶಸ್ತ್ರಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಯಲ್ಲಿ ತೋರಿಸಿ. ಎಕ್ಸ್-ರೇಯನ್ನೂ ರಕ್ತದೊತ್ತಡದ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಅಲ್ಲಿಯವರೆಗೆ ಅವನು ಏಣಿ ಹತ್ತುವುದು, ಭಾರ ಹೊರುವುದು ಬೇಡ, ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಬೇಡಿ. ದಾರಿಯಲ್ಲಿ ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ವಿಪರೀತ ನೋವು ಬಂದು, ಬೆರಳು ಆಡಿಸಲಾಗದಿದ್ದರೆ ಅದು ತುರ್ತು ಪರಿಸ್ಥಿತಿ; ಕೆಲವೇ ಗಂಟೆಗಳಲ್ಲಿ ಹೆಪ್ಪನ್ನು ತೆಗೆಯದಿದ್ದರೆ ಕೈ ಉಳಿಸುವುದು ಕಷ್ಟವಾದ್ದರಿಂದ ಹತ್ತಿರದ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಿ. ಏಣಿಯ ವಿಷಯ ಕೇಳಿದ್ದಿರಿ: ನಾಳ ಸರಿಹೋಗಿ ಗಾಯ ಪೂರ್ತಿ ಆರಿದ ಕೆಲವು ತಿಂಗಳ ನಂತರ, ಮತ್ತೆ ಸ್ಕ್ಯಾನ್ ಮಾಡಿ ನೋಡಿದ ಮೇಲೆ, ಅನೇಕರು ಹಿಂದಿನ ಕೆಲಸಕ್ಕೆ ಮರಳುತ್ತಾರೆ. ಈ ವರ್ಷದ ಕೊಯ್ಲಿಗೆ ಮಾತ್ರ ಬೇರೆ ಕೈಗಳನ್ನು ಹುಡುಕಿಕೊಳ್ಳಿ.