ಇಂಪ್ಲಿಸಿಟ್ ಬಯಾಸ್ (ನಮಗೇ ಅರಿವಿಲ್ಲದ ಪೂರ್ವಗ್ರಹ) ಅನ್ನೋದಕ್ಕೆ ನಿಜವಾಗ್ಲೂ ಸೈಂಟಿಫಿಕ್ ಪುರಾವೆ ಇದ್ಯಾ?

ಮಳೆಬಿಲ್ಲು:
ಮೊನ್ನೆ ಆಫೀಸಲ್ಲಿ ಡೈವರ್ಸಿಟಿ ಟ್ರೈನಿಂಗ್ ಇತ್ತು, ಎಲ್ರ ಕೈಲೂ ಆನ್‌ಲೈನಲ್ಲಿ ಐಎಟಿ (ಇಂಪ್ಲಿಸಿಟ್ ಅಸೋಸಿಯೇಶನ್ ಟೆಸ್ಟ್, ಮನಸ್ಸಲ್ಲಿ ಯಾವುದಕ್ಕೆ ಯಾವುದು ನಂಟು ಅಂತ ನೋಡೋದು) ಮಾಡಿಸಿದ್ರು. ಗಂಡಸರ ಹೆಸರು ಅಥವಾ ಆಫೀಸಿನ ಪದ ಬಂದ್ರೆ ಒಂದು ಕೀ, ಹೆಂಗಸರ ಹೆಸರು ಅಥವಾ ಮನೆ-ಸಂಸಾರದ ಪದ ಬಂದ್ರೆ ಇನ್ನೊಂದು, ಬೇಗ ಬೇಗ ಒತ್ಬೇಕು, ಆಮೇಲೆ ಜೋಡಿ ಅದಲುಬದಲು ಮಾಡ್ತಾರೆ. ಅದಲುಬದಲಾದ ಮೇಲೆ ನಾನು ಸ್ಲೋ ಆಗಿದೀನಂತೆ, ಅದಕ್ಕೆ ಗಂಡಸು-ಆಫೀಸು, ಹೆಂಗಸು-ಮನೆ ನಂಟು "ಸ್ಟ್ರಾಂಗ್" ಅಂತ ರಿಸಲ್ಟ್ ಬಂತು. ನಾನೇ ಹೆಂಗಸು, ಒಂದು ಟೀಮ್ ನಡೆಸ್ತೀನಿ. ಟ್ರೈನರ್ ನೋಡಿದ್ರೆ "ಇದು ನಿಮ್ಮ ಒಳಮನಸ್ಸು, ನಿಮಗೇ ಗೊತ್ತಿರಲ್ಲ" ಅಂದ್ಬಿಟ್ರು. ತುಂಬಾ ಬೇಜಾರಾಯ್ತು. ಇದನ್ನ ಎಷ್ಟು ನಂಬೋದು?

ಕಾವೇರಿತೀರ:
ಮೇಡಂ, ಬೇಜಾರ್ ಮಾಡ್ಕೋಬೇಡಿ, ನಿಮ್ಮ ಟ್ರೈನರ್ ಹೇಳಿದ್ದು ಆ ಟೆಸ್ಟ್ ಹೇಳೋದಕ್ಕಿಂತ ಬಹಳ ಜಾಸ್ತಿ. ಇದು 1998ರಲ್ಲಿ ಅಮೆರಿಕದ ಸೈಕಾಲಜಿಸ್ಟ್ ಗ್ರೀನ್‌ವಾಲ್ಡ್ ಮತ್ತೆ ಅವರ ಜೊತೆಯವರು ತಂದಿದ್ದು, ಇದನ್ನ ಬೆಳೆಸಿದವರಲ್ಲಿ ಮಹಜರೀನ್ ಬನಾಜಿ ಕೂಡ ಒಬ್ರು, ಸಿಕಂದರಾಬಾದಲ್ಲಿ ಹುಟ್ಟಿ ಈಗ ಹಾರ್ವರ್ಡಲ್ಲಿರೋರು. ಲಕ್ಷಾಂತರ ಜನರ ರಿಸಲ್ಟ್ ಒಟ್ಟಿಗೆ ನೋಡಿದ್ರೆ ಆ ಮಿಲಿಸೆಕೆಂಡ್ ವ್ಯತ್ಯಾಸ ಮತ್ತೆ ಮತ್ತೆ ಸಿಗುತ್ತೆ, ಅದು ಗಟ್ಟಿ. ಒಬ್ಬೊಬ್ಬರ ಸ್ಕೋರ್ ಮಾತ್ರ ಅಷ್ಟು ಗಟ್ಟಿ ಇಲ್ಲ, ಅದೇ ವ್ಯಕ್ತಿ ಎರಡು ಸಲ ತಗೊಂಡ್ರೆ ಎರಡರ ನಡುವಿನ ಕೋರಿಲೇಶನ್ (0 ಅಂದ್ರೆ ನಂಟೇ ಇಲ್ಲ, 1 ಅಂದ್ರೆ ಪೂರ್ತಿ ಹೊಂದಿಕೆ) ಸುಮಾರು 0.5. ಸ್ಕೋರಿಗೂ ನಡವಳಿಕೆಗೂ ಎಷ್ಟು ನಂಟು ಅಂತ ನೋಡಿದ್ರೆ 2009ರ ಮೆಟಾ ಅನಾಲಿಸಿಸಲ್ಲಿ (ಹಲವು ಸ್ಟಡಿ ಒಟ್ಟುಗೂಡಿಸಿ ಹಾಕಿದ ಲೆಕ್ಕ) 0.27 ಇತ್ತು, 2013ರಲ್ಲಿ ಓಸ್ವಾಲ್ಡ್ ತಂಡ ಲೆಕ್ಕ ಹಾಕಿದಾಗ 0.15 ಹತ್ರಕ್ಕೆ ಇಳೀತು. ಇಂಥವರು ಭೇದಭಾವ ಮಾಡ್ತಾರೆ ಅಂತ ಈ ಸ್ಕೋರ್ ನೋಡಿ ಹಣೆಪಟ್ಟಿ ಹಚ್ಬಾರದು ಅಂತ ಟೆಸ್ಟ್ ಮಾಡಿದವರೇ 2015ರಲ್ಲಿ ಬರೆದಿದಾರೆ.

ಬಯಲುಸೀಮೆ:
ಮೇಲಿನ ಸರ್ ಹೇಳಿದ್ದು ಒಪ್ತೀನಿ, ಆದ್ರೆ ಟೆಸ್ಟ್ ವೀಕು ಅಂದ್ಕೂಡ್ಲೇ ಭೇದಭಾವನೇ ಇಲ್ಲ ಅನ್ನೋರು ಜಾಸ್ತಿ ಆಗಿದಾರೆ, ಅದು ನಂಗೆ ಸಿಟ್ಟು ಬರೋ ವಿಷಯ. ಸುಖದೇವ್ ಥೋರಟ್ ಮತ್ತೆ ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಸ್ಟಡಿ ನೋಡಿ, ಪೇಪರಲ್ಲಿ ಬಂದ ಪ್ರೈವೇಟ್ ಕೆಲಸಗಳಿಗೆ ಒಂದೇ ಥರದ ಓದಿರೋ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದ್ರು. ಮೇಲ್ಜಾತಿ ಹೆಸರಿಗೆ ಹೋಲಿಸಿದ್ರೆ ಮುಂದಿನ ಹಂತಕ್ಕೆ ಕರೆ ಬರೋ ಆಡ್ಸ್ (ಬರೋದಕ್ಕೂ ಬರದೇ ಇರೋದಕ್ಕೂ ಇರೋ ಅನುಪಾತ) ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಬರೀ ಹೆಸರು ನೋಡಿ! ಅದನ್ನ ಬೇಕಂತಲೇ ಮಾಡಿದ್ರೋ ಅರಿವಿಲ್ದೆ ಮಾಡಿದ್ರೋ ಅಂತ ಆ ಸ್ಟಡಿ ಹೇಳಲ್ಲ, ಅರ್ಜಿ ಹಾಕಿದ ಹುಡುಗನಿಗೆ ಎರಡೂ ಒಂದೇ.

ಮಳೆಬಿಲ್ಲು:
ಇಬ್ರಿಗೂ ಥ್ಯಾಂಕ್ಸ್. ಹಾಗಿದ್ರೆ ಟ್ರೈನಿಂಗಿಂದ ಇದು ಬದಲಾಗುತ್ತಾ?

ಕಾವೇರಿತೀರ:
ಸ್ವಲ್ಪ ಹೊತ್ತು ಬದಲಾಗುತ್ತೆ. 2016ರಲ್ಲಿ ಲಾಯ್ ತಂಡ ಒಂಬತ್ತು ವಿಧಾನ ಟ್ರೈ ಮಾಡಿ ನೋಡ್ತು, ಎಲ್ಲದ್ರಲ್ಲೂ ಸ್ಕೋರ್ ಇಳೀತು, ಕೆಲವು ಗಂಟೆ, ಹೆಚ್ಚಂದ್ರೆ ಕೆಲವು ದಿನದಲ್ಲಿ ವಾಪಸ್. ನಿಮ್ಮ ಟೆಸ್ಟಿಗೆ ಹತ್ತಿರದ್ದು ಅಂದ್ರೆ ಪಶ್ಚಿಮ ಬಂಗಾಳದ ಸ್ಟಡಿ, 2009ರಲ್ಲಿ ಬಂದಿದ್ದು. ಮಹಿಳಾ ಮೀಸಲಾತಿ ಯಾವ ಪಂಚಾಯ್ತಿಗೆ ಬೀಳುತ್ತೆ ಅನ್ನೋದು ಅಲ್ಲಿ ಲಾಟರಿ ಥರ, ಹಾಗೆ ಹೆಂಗಸರು ಪ್ರಧಾನ್ (ಪಂಚಾಯ್ತಿ ಅಧ್ಯಕ್ಷೆ) ಆದ ಊರುಗಳಲ್ಲಿ ಹೆಂಗಸು ಅಂದ್ರೆ ಮನೆ ಅನ್ನೋ ನಂಟು ಗಂಡಸರ ಐಎಟಿಯಲ್ಲಿ ಕಮ್ಮಿ ಆಗಿತ್ತು. ಬಾಯಿಬಿಟ್ಟು ಕೇಳಿದ್ರೆ ಮಾತ್ರ ಗಂಡಸು ಲೀಡರೇ ಇಷ್ಟ ಅನ್ನೋದು ಹೋಗಿರ್ಲಿಲ್ಲ, ಆದ್ರೂ ಮುಂದಿನ ಚುನಾವಣೆಗಳಲ್ಲಿ ಮೀಸಲಾತಿ ಇಲ್ದೇನೂ ಅಲ್ಲಿ ಗೆಲ್ಲೋ ಹೆಂಗಸರು ಜಾಸ್ತಿ ಆದ್ರು.

ಬಯಲುಸೀಮೆ:
ಮೇಡಂ, ನಿಮ್ಮ ಎಚ್‌ಆರ್ ಹತ್ರ ಒಂದು ಕೇಳಿ, ಶಾರ್ಟ್‌ಲಿಸ್ಟ್ ಮಾಡುವಾಗ ರೆಸ್ಯೂಮೆ ಮೇಲೆ ಹೆಸರು, ಊರು, ಫೋಟೋ ಮುಚ್ಚೋಕಾಗುತ್ತಾ ಅಂತ. ಒಪ್ಪಿದ್ರೆ ಇಲ್ಲೇ ಬಂದು ಹೇಳಿ.